ವೈನಿ ಮುಚ್ಚಿಟ್ಟ ಪಾಟಿ

ಪ್ರೀತಿಯ ವೈನಿಗೆ,

ಶಹಾಬಾದಿನ ಮನೆಯಲ್ಲಿ ನಿಮ್ಮ ಒಲೆಯ ಮುಂದೆ ಕೂತು ನನ್ನ ಮೊದಲ ಕಥೆ ಓದಿದ್ದು ನೆನಪಿದೆಯೇ? ಐದನೆಯ ತರಗತಿಗೇ ಶಾಲೆ ಬಿಟ್ಟು, ಅಣ್ಣನ ಜೊತೆ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದವನು ನಾನು. ನೀವು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಿರಿ. ಬಡಿಯುವ ಕೈ ನಿಂತಲ್ಲಿ ಕಥೆ ನೆಟ್ಟಗಿದೆ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ನಿಲ್ಲದ ಕಡೆಯೆಲ್ಲ ಹೊಡೆದುಹಾಕುತ್ತಿದ್ದೆ. "ಅಷ್ಟೂ ಹೊಡದ್ರ ಉಳಿಯೂದೇನ್ ತಮ್ಮಾ, ನಿನ್ನ ಹೆಸರೊಂದ?" ಎಂದು ಛೇಡಿಸುತ್ತಿದ್ದಿರಿ.

ಪತ್ರಿಕೆಯಿಂದ ಕಥೆ ಮರಳಿ ಬಂದ ದಿನ ನನ್ನ ಮುಖ ನೋಡಿಯೇ ನಿಮಗೆ ಗೊತ್ತಾಗುತ್ತಿತ್ತು. "ಮಗಳು ತವರಿಗಿ ಬಂದಾಳ. ಎರಡ ದಿನ ಇಟ್ಕೊಂಡು ಮತ್ತ ಕಳಸು." ಅಷ್ಟು ಕೇಳಿದರೆ ಸಾಕಿತ್ತು, ಮತ್ತೆ ಬರೆಯಲು ಕೂರುತ್ತಿದ್ದೆ.

ಒಂದು ಮಧ್ಯಾಹ್ನ ನೀವೇ ನಿಮ್ಮ ಕಥೆ ಹೇಳಿದಿರಿ. ಮದುವೆಯಾದ ಹೊಸತರಲ್ಲಿ ಓಣಿಯ ಹೆಂಗಸರ ಜೊತೆ ಅಕ್ಷರ ಕಲಿಯಲು ಹೋಗಿದ್ದು. ಪಾಟಿಯ ಮೇಲೆ ಬಳಪದಿಂದ ನಿಮ್ಮ ಹೆಸರು ಬರೆದು, ಗಂಡನಲ್ಲವೇ ಎಂದು ಅಣ್ಣನಿಗೆ ತೋರಿಸಿದ್ದು. ಅಣ್ಣ ನಕ್ಕಿದ್ದು. ಪಾಟಿಯನ್ನು ಜೋಳದ ಚೀಲದ ಹಿಂದೆ ಮುಚ್ಚಿಟ್ಟು ಮತ್ತೆಂದೂ ಮುಟ್ಟದೇ ಹೋದದ್ದು. "ನಾ ಹೋದ ಮ್ಯಾಲ ಬೇಕಾದ್ರ ಬರಿ" ಎಂದಿರಿ. ನೀವು ತೀರಿಕೊಂಡ ಮೇಲೆ, ನಿಮ್ಮ ಹೆಸರು ಬದಲಿಸಿ ಬರೆದೆ ವೈನಿ. ಆದರೆ ಅಣ್ಣ ಇದ್ದಾನಲ್ಲ! ಅಚ್ಚಾದರೆ ಅವನಿಗೆ ನೋವು. ಆ ನಗುವನ್ನು ತೆಗೆದುಹಾಕಿದರೆ ನಿಮಗೆ... ಬರೆಯುವವನು ಯಾರ ಕಡೆ ನಿಲ್ಲಬೇಕು? ಆರು ತಿಂಗಳು ಯಾರಿಗೂ ಕಳಿಸದೆ ಇಟ್ಟುಕೊಂಡೆ.

ಹೋದ ಸೋಮವಾರ ನಾನೀಗ ಇರುವ ಸೇಡಂನಿಂದ ಬಸ್ಸು ಹತ್ತಿ ಶಹಾಬಾದಿಗೆ ಹೋಗಿ ಅಣ್ಣನ ಮುಂದೆ ಕೂತು ಓದಿದೆ. ಹೆಂಡತಿಯ ಹೆಸರು ಹೇಳಬಾರದೆಂದು ಜೀವನವಿಡೀ ನಿಮ್ಮನ್ನು "ಏ, ಕೇಳಿಲ್ಲಿ" ಎಂದೇ ಕರೆದ ಮನುಷ್ಯ. ಅವನು ನಕ್ಕ ಜಾಗ ಬಂದಾಗ ಓದುವುದನ್ನು ನಿಲ್ಲಿಸಿದೆ.

"ಯಾಕ ನಿಂತಿ? ಓದು."

ಓದಿ ಮುಗಿಸಿದೆ.

"ನಕ್ಕಿದ್ದು ಖರೆ. ತಗೀಬ್ಯಾಡ."

"ಮನಸಿಗಿ ಹತ್ತಲಿಲ್ಲೇನಣ್ಣಾ?"

"ಹತ್ಲಿ ಅಂತೇ ಬರ್ದಿ, ಹತ್ತ್ಯಾದ. ಆದ್ರ ಲೇ, ಈ ಗಂಗವ್ವ ಯಾರ? ಪಾಟಿ ಮ್ಯಾಲ ಆಕಿ ಗಂಗವ್ವ ಅಂತ ಬರದಿದ್ಳೇನು? ಶಾಂತಾಬಾಯಿ ಅಂತ ಬರದಿದ್ಳು. ಹಂಗೇ ಬರಿ."

ಅಣ್ಣನ ಬಾಯಲ್ಲಿ ನಿಮ್ಮ ಹೆಸರು ಕೇಳಿದ್ದು ಅದೇ ಮೊದಲು. ಅಲ್ಲೇ ಕೂತು ಗಂಗವ್ವ ಇದ್ದಲ್ಲೆಲ್ಲ ತಿದ್ದಿದೆ. ಒಂದು ಕಡೆ ನಾನು ಬಿಟ್ಟಿದ್ದನ್ನು ಅಣ್ಣನೇ ಬೆರಳಿಟ್ಟು ತೋರಿಸಿದ. ಮರುದಿನ ಬೆಳಿಗ್ಗೆ ಅಂಗಿ ಬದಲಿಸಿ, ಪತ್ರಿಕೆಗೆ ಕಳಿಸುವ ಕಥೆಯ ಲಕೋಟೆ ತಗೊಂಡು ತಾನೇ ಅಂಚೆಗೆ ಹಾಕಿ ಬಂದ. ನನ್ನನ್ನು ಜೊತೆಗೆ ಕರೆಯಲಿಲ್ಲ ವೈನಿ.

ನಿಮ್ಮ ಮೈದುನ