ಮೊಂತ್ರೆಲ್ಯೂ ಎಸ್ಟೇಟಿನಲ್ಲಿ ಒಂದು ಹೀರೇಬಳ್ಳಿಯ ಅಪರಾಧ

ಮೊಂತ್ರೆಲ್ಯೂ ಎಸ್ಟೇಟಿನ ವಿನ್ಯಾಸ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನಮ್ಮ ಮನೆಯ ಮುಂದಿನ ಹೀರೇಕಾಯಿ ಚಪ್ಪರ ಬಡಾವಣೆಯ ‘ಫ್ರೆಂಚ್ ಗುಣ’ಕ್ಕೆ ಧಕ್ಕೆ ತರುತ್ತಿದೆ, ತಿಂಗಳ ಕೊನೆಯೊಳಗೆ ಕಿತ್ತು ಹುಲ್ಲು ಹಾಸದಿದ್ದರೆ ನಿಮ್ಮವರೇ ಬಂದು ಕೀಳುತ್ತಾರೆ ಎಂದು ನೋಟಿಸು ಕಳಿಸಿದ್ದೀರಿ. ನಾವು ಕೀಳುವುದಿಲ್ಲ. ಯಾಕೆ ಎಂಬುದು ಹತ್ತು ಜನಕ್ಕೆ ಗೊತ್ತಾಗಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದದ್ದಕ್ಕೆ ಮುಖ ಸಿಂಡರಿಸಬೇಡಿ. ಮನೆ ಮಾರುವಾಗ ಮೆಲ್ಬರ್ನಿನ ಕನ್ನಡಿಗರ ಯುಗಾದಿ ಕಾರ್ಯಕ್ರಮಕ್ಕೆ ಬಂದು ‘ನಿಮ್ಮ ಕನಸಿನ ಮನೆಗೆ ಸುಸ್ವಾಗತ’ ಎಂದು ಅಚ್ಚ ಕನ್ನಡದಲ್ಲಿ ಬ್ಯಾನರ್ ಕಟ್ಟಿದವರು ನಿಮ್ಮ ಮಾರಾಟದವರೇ. ಆಗ ಬರುತ್ತಿದ್ದ ಕನ್ನಡ ಈಗ ಹೇಗೆ ಮರೆತೀತು?

ನಾನು ಧಾರವಾಡದವಳು. ಲೋಹಶಾಸ್ತ್ರ ಓದಿದವಳು. ಮೆಲ್ಬರ್ನಿಗೆ ಬರುವ ಮೊದಲು ಫ್ರಾನ್ಸಿನ ಈಶಾನ್ಯ ಮೂಲೆಯ ಒಂದು ಸಣ್ಣ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಆ ಊರಿನ ಹೆಸರು ಮೊಂತ್ರೆಲ್ಯೂ. ಹೌದು ಸ್ವಾಮಿ, ಅದೇ! ಮೆಲ್ಬರ್ನಿನ ಹೊರವಲಯದ ವೆರಿಬೀ ಆಚೆಯ ಬಯಲಿನಲ್ಲಿ ನಿಮ್ಮ ಬಡಾವಣೆಯ ಫಲಕ ಮೊದಲ ಸಲ ಕಂಡಾಗ ಕಾರು ಪಕ್ಕಕ್ಕೆ ಹಾಕಿ ಬಿದ್ದು ಬಿದ್ದು ನಕ್ಕೆ. ಇವಳಿಗೆ ಏನಾಯಿತು ಎಂದು ಗಂಡ ಶಶಿಧರನಿಗೆ ಗಾಬರಿ. ಆಮೇಲೆ ಅಲ್ಲೇ ಮನೆಯನ್ನೂ ಕೊಂಡೆವು. ಆ ಹೆಸರಿನ ಮೇಲೆ ನನಗಿದ್ದ ಪ್ರೀತಿಯೂ ಅದಕ್ಕೊಂದು ಕಾರಣ.

ನಿಮ್ಮ ಬ್ರೋಷರಿನಲ್ಲಿ ನೇರಳೆ ಬಣ್ಣದ ಲ್ಯಾವೆಂಡರ್ ಹೊಲವಿದೆ, ಹುಲ್ಲಿನ ಹ್ಯಾಟು ಹಾಕಿ ಸೈಕಲ್ ತುಳಿಯುವ ಹುಡುಗಿಯಿದ್ದಾಳೆ. ಲ್ಯಾವೆಂಡರ್ ನೋಡಬೇಕೆಂದರೆ ಮೊಂತ್ರೆಲ್ಯೂವಿನಿಂದ ಇಡೀ ದಿನ ಪ್ರಯಾಣ ಮಾಡಬೇಕು. ಅಲ್ಲಿದ್ದದ್ದು ಮಸಿ. ಗೋಡೆಯ ಮೇಲೆ, ಕಿಟಕಿಯ ಪರದೆಯ ಮೇಲೆ, ಇಗರ್ಜಿಯ ಗಂಟೆಯ ಮೇಲೂ ಮಸಿ. ನದಿಗೆ ಅಡ್ಡ ಕಟ್ಟಿ, ನೀರಿನ ಬಲದಿಂದ ಸುತ್ತಿಗೆ ಬಡಿಸಿ ಶುರುವಾದ ಊರು ಅದು. ಆಮೇಲೆ ಕುಲುಮೆ ಬಂತು, ರೈಲು ಬಂತು, ರೈಲುಗಾಲಿಗಳ ಅಚ್ಚುಗಳನ್ನು ಮಾಡುವ ದೊಡ್ಡ ಕಾರ್ಖಾನೆ ಬಂತು. ಸೈರನ್ನು ಕೂಗಿದರೆ ಊರು ಏಳಬೇಕು, ಕೂಗಿದರೆ ಉಣ್ಣಬೇಕು. ಜನರೂ ಒರಟರು. ಪೇಟೆಯವರ ನಯನಾಜೂಕು ಅವರಲ್ಲಿ ಇರಲಿಲ್ಲ. ಬೇಕರಿಯವಳು ನನ್ನ ಫ್ರೆಂಚ್ ಕೇಳಿ ಮುಖದ ಮೇಲೇ ನಗುತ್ತಿದ್ದಳು, ಆದರೆ ತಡವಾಗಿ ಬರುವ ನನಗಾಗಿ ಒಂದು ಬ್ರೆಡ್ಡು ಎತ್ತಿಟ್ಟಿರುತ್ತಿದ್ದಳು. ಇದು ನೋಡಿ ಆ ಊರಿನ ಗುಣ. ನಿಮ್ಮ ನಿಯಮಾವಳಿಯಲ್ಲಿ ಇದಕ್ಕೆ ಯಾವ ಕಲಮು ಇದೆ?

ಇನ್ನು ಅಂಗಳದ ಮಾತು. ಕಾರ್ಮಿಕರ ಮನೆಗಳು ಅಲ್ಲಿ ಸಾಲು ಸಾಲು. ಹಿಂದುಗಡೆ ಕಾಲುವೆ ಇದ್ದದ್ದರಿಂದ ಕಾರ್ಖಾನೆಯ ಧಣಿ ಪ್ರತಿ ಮನೆಗೂ ಒಂದು ತುಂಡು ನೆಲವನ್ನು ಬೀದಿಯ ಕಡೆಗೇ ಬಿಟ್ಟಿದ್ದ. ಅಲ್ಲಿ ತರಕಾರಿ. ಇಟಲಿಯಿಂದ ಬಂದವರ ಅಂಗಳದಲ್ಲಿ ಟೊಮೆಟೊ, ಪೋಲೆಂಡಿನವರ ಅಂಗಳದಲ್ಲಿ ಬೀಟ್‌ರೂಟು, ಅಲ್ಜೀರಿಯಾದವರ ಅಂಗಳದಲ್ಲಿ ಪುದೀನ. ಬೀದಿಯಲ್ಲಿ ನಡೆದು ಹೋದರೆ ಸಾಕು, ಯಾರು ಎಲ್ಲಿಂದ ಬಂದವರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಾನು ಬಾಡಿಗೆಗೆ ಇದ್ದ ಮನೆಯ ಮುಂದೆ ಮಾತ್ರ ಬರೀ ಹುಲ್ಲು. ಪಕ್ಕದ ಮನೆಯ ಮುದುಕಿ ಮದಾಮ್ ಲೂಸೆತ್ ಒಂದು ದಿನ ನನ್ನ ಬಾಗಿಲು ತಟ್ಟಿ, “ನಿನ್ನ ಊರಿನದು ಏನಾದರೂ ಹಾಕು ಮಗಳೇ. ಹುಲ್ಲು ಬಿಟ್ಟರೆ ಸೋಮಾರಿ ಅಂತಾರೆ” ಎಂದು ಗುದ್ದಲಿ ಕೊಟ್ಟು ಹೋದಳು. ನಾನು ಮೆಂತ್ಯ ಹಾಕಿದೆ. ಕೇಳಿಸಿತೇ ಅಧ್ಯಕ್ಷರೇ? ಅಸಲಿ ಮೊಂತ್ರೆಲ್ಯೂವಿನಲ್ಲಿ ನಾಚಿಕೆಗೇಡು ಯಾವುದೋ, ಅದನ್ನೇ ನೀವು ಇಲ್ಲಿ ಕಡ್ಡಾಯ ಮಾಡಿದ್ದೀರಿ.

ಲೂಸೆತ್ ಹೇಳಿದ ಇನ್ನೊಂದು ಸಂಗತಿಯೂ ನಿಮಗೆ ತಿಳಿದಿರಲಿ. ಆಕೆ ಚಿಕ್ಕವಳಿದ್ದಾಗ ಕಾರ್ಖಾನೆಯಲ್ಲಿ ಮುಷ್ಕರ ನಡೆಯಿತು. ಧಣಿಗೆ ಬೇಗ ಅರ್ಥವಾಯಿತು, ಮುಂದಿನ ಅಂಗಳದಲ್ಲಿ ಆಲೂಗಡ್ಡೆ, ಅವರೆ ಇರುವ ತನಕ ಈ ಜನ ಮಣಿಯುವುದಿಲ್ಲ ಎಂದು. ಬೀದಿ ಚಂದ ಕಾಣಬೇಕು, ತರಕಾರಿ ಕಿತ್ತು ಗುಲಾಬಿ ನೆಡಿ ಎಂದು ಆಜ್ಞೆ ಹೊರಡಿಸಿದ. ಚಂದ ಕಾಣಬೇಕಂತೆ! ಕೀಳಲು ಆಳುಗಳು ಬಂದಾಗ ಹೆಂಗಸರು ಅಡುಗೆಮನೆಯ ಕುರ್ಚಿಗಳನ್ನು ತಂದು ಮಡಿಗಳ ನಡುವೆ ಹಾಕಿ ಕುಳಿತುಬಿಟ್ಟರು, ಅಲ್ಲೇ ಹೆಣಿಗೆ, ಅಲ್ಲೇ ಊಟ. ಆಳುಗಳು ಅದನ್ನು ನೋಡಿ ವಾಪಸು ಹೋದರಂತೆ. ಈಗ ಆ ಕಾರ್ಖಾನೆ ಮುಚ್ಚಿದೆ. ಕುಲುಮೆ ಆರಿದ ದಿನ ನಾನೂ ಗೇಟಿನ ಹೊರಗೆ ನಿಂತು ಅತ್ತಿದ್ದೆ. ಹುಡುಗರೆಲ್ಲ ದೊಡ್ಡ ಊರುಗಳಿಗೆ ಹೋದರು, ಅಂಗಡಿಗಳಿಗೆ ಬೀಗ ಬಿತ್ತು. ಆದರೆ ಆ ಅಂಗಳಗಳಲ್ಲಿ ಇಂದಿಗೂ ಅವರೆ ಹಬ್ಬುತ್ತದೆ.

ಇಲ್ಲಿನ ಚಪ್ಪರ ನನ್ನದಲ್ಲ, ನಮ್ಮ ಅತ್ತೆ ಅನ್ನಪೂರ್ಣವ್ವನವರದು. ಈ ದೇಶದಲ್ಲಿ ಬಿಸಿಲು ಬರುವುದು ಉತ್ತರದಿಂದ, ನಮ್ಮ ಮನೆಯ ಮುಂಭಾಗ ಇರುವುದೂ ಉತ್ತರಕ್ಕೆ. ನೀವು ಕೊಟ್ಟ ಹಿತ್ತಿಲಿನಲ್ಲಿ ದಿನವಿಡೀ ಬೇಲಿಯ ನೆರಳು. ಬಳ್ಳಿಯನ್ನು ಬೇರೆಲ್ಲಿ ಹಚ್ಚಬೇಕಿತ್ತು ಅವರು, ಚಾವಣಿಯ ಮೇಲೇ? ಆ ಚಪ್ಪರದ ಕೆಳಗೆ ಸಂಜೆ ಎದುರು ಮನೆಯ ಫಿಲಿಪ್ಪೀನ್ಸಿನ ಅಜ್ಜಿ ಬಂದು ಕೂರುತ್ತಾರೆ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಮಾತಿಗೆ ಮಾತ್ರ ಬರವಿಲ್ಲ. ಅತ್ತೆಗೆ ಈ ದೇಶದಲ್ಲಿ ತಾವೇ ಮಾಡಿಕೊಂಡ ಗೆಳತಿ ಅವರೊಬ್ಬರೇ.

ನೋಟಿಸು ಬಂದ ದಿನ ಮಗಳು ಆದ್ಯಾ ಅದನ್ನು ಓದಿ, “ಅಜ್ಜಿ, ದೇ ಸೇ ಇಟ್ಸ್ ನಾಟ್ ಫ್ರೆಂಚ್ ಎನಫ್!” ಎಂದು ನಕ್ಕಳು. ಅತ್ತೆ ನಗಲಿಲ್ಲ. ನಾನು ಕೆಲಸದಿಂದ ಬರುವಷ್ಟರಲ್ಲಿ ಕುಡುಗೋಲು ಹಿಡಿದು ಚಪ್ಪರದ ಬುಡದಲ್ಲಿ ನಿಂತಿದ್ದರು.

“ಪೊಲೀಸರು ಬರ್ತಾರೇನವಾ? ನನ್ನ ವೀಸಾಕ್ಕ ಏನರ ಆಗತೈತೇನು? ನನ್ನ ಸಲುವಾಗಿ ನಿಮಗ ತ್ರಾಸ ಬ್ಯಾಡ. ನಾನಾ ಕಿತ್ತು ಒಗೀತೀನಿ.”

“ಅತ್ತಿ, ಹಂಗೇನೂ ಆಗಂಗಿಲ್ರಿ. ಕುಡುಗೋಲು ಇಲ್ಲಿ ಕೊಡ್ರಿ” ಎಂದು ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಹುಬ್ಬಳ್ಳಿಯಲ್ಲಿ ನಳಕ್ಕೆ ನೀರು ಬಾರದಿದ್ದಾಗ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಪಾಲಿಕೆ ಕಚೇರಿಯ ಬಾಗಿಲಿಗೆ ಖಾಲಿ ಕೊಡ ಇಟ್ಟು ಕುಳಿತ ಹೆಣ್ಣುಮಗಳು ಅವರು. ಅಂಥವರು ನಿಮ್ಮ ಒಂದು ಹಾಳೆಗೆ ಹೆದರಿದರು. ಈ ದೇಶದಲ್ಲಿ ಇರಲು ತನಗೆ ಹಕ್ಕಿಲ್ಲವೇನೋ ಎಂದು ಒಬ್ಬ ಮುದುಕಿಗೆ ಅನ್ನಿಸುವಂತೆ ಮಾಡಿದಿರಲ್ಲ, ಅದಕ್ಕೆ ನನಗೆ ಹೊಟ್ಟೆ ಉರಿಯುತ್ತಿದೆ. ಬಳ್ಳಿ ಹೋದರೆ ಮತ್ತೊಂದು ಹಚ್ಚಬಹುದು, ಆ ಧೈರ್ಯ ಹೋದರೆ ಎಲ್ಲಿಂದ ತರಲಿ?

ಸಿಡ್ನಿಯ ರೌಸ್ ಹಿಲ್‌ನಲ್ಲಿರುವ ನನ್ನ ಮೈದುನ ಯೋಗೀಶ ಫೋನಿನಲ್ಲಿ ಬುದ್ಧಿ ಹೇಳಿದ. “ವೈನಿ, ಸುಮ್ನೆ ರಿಮೂವ್ ಮಾಡಿಬಿಡ್ರಿ. ನಮ್ಮ ಸಬರ್ಬ್‌ನಾಗೂ ಹಿಂಗಾ ರೂಲ್ಸ್ ಅದಾವ. ನಾಳೆ ಮನೀ ಮಾರೂ ಮುಂದ ಪ್ರಾಬ್ಲಮ್ ಆಗತೈತಿ.” ನಾಳೆ ಮಾರುವುದಕ್ಕಾಗಿ ಇವತ್ತು ಬದುಕುವುದನ್ನೇ ಬಿಡಬೇಕೇನೋ ಮಾರಾಯಾ ಎಂದು ಅವನಿಗೂ ಉಗಿದೆ. ಪಾಪ, ಅವನು ಕೆಟ್ಟವನಲ್ಲ. ನಿಮ್ಮಂಥವರ ಪತ್ರಕ್ಕೆ ಅವನೂ ಹೆದರುತ್ತಾನೆ, ಅಷ್ಟೇ.

ಆದ್ದರಿಂದ ಕೇಳುತ್ತಿದ್ದೇನೆ. ವಿನಂತಿ ಎಂದು ತಿಳಿಯಬೇಡಿ, ಇದು ಒತ್ತಾಯ. ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಅನ್ನಪೂರ್ಣವ್ವನವರ ಹೆಸರಿಗೇ ಇನ್ನೊಂದು ಪತ್ರ ಬರೆದು, ಅವರ ಬಳ್ಳಿಗೂ ಅವರ ವೀಸಾಕ್ಕೂ ಯಾವ ಸಂಬಂಧವೂ ಇಲ್ಲ ಎಂದು ತಿಳಿಸಿ, ಹೆದರಿಸಿದ್ದಕ್ಕೆ ಕ್ಷಮೆ ಕೇಳಿ. ಆಗುವುದಿಲ್ಲವೆ? ಹಾಗಾದರೆ ಹೆಬ್ಬಾಗಿಲ ಕಮಾನಿನ ಮೇಲಿನ ‘ಮೊಂತ್ರೆಲ್ಯೂ’ ಎಂಬ ಅಕ್ಷರಗಳನ್ನು ಮೊದಲು ಇಳಿಸಿ, ಆಮೇಲೆ ನಮ್ಮ ಚಪ್ಪರದ ಮಾತಿಗೆ ಬನ್ನಿ. ಆ ಜನರ ಹೆಸರು ಬೇಕು, ಅವರಂತೆ ಬದುಕುವವರು ಬೇಡ ಎಂದರೆ ನಡೆಯುವುದಿಲ್ಲ.

ಕಳಿಸುವ ಮುಂಚೆ ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು, “ಕಡೀಕ ನನ್ನ ಹೆಸರೂ ಹಾಕು” ಅಂದರು.

ಇಂತಿ,
ಮೊಂತ್ರೆಲ್ಯೂವಿನಲ್ಲಿ ಬದುಕಿದ್ದ ತಪ್ಪಿಗೆ ಮೊಂತ್ರೆಲ್ಯೂವಿನಲ್ಲೇ ನೋಟಿಸು ತಿಂದ
ಮಹಾಶ್ವೇತಾ

ಮತ್ತು ಬಳ್ಳಿ ಹಚ್ಚಿದಾಕಿ
ಅನ್ನಪೂರ್ಣವ್ವ