ಹೆಸರಿಲ್ಲದ ಚೀಟಿ

ನವೆಂಬರ್ ೩೦, ಭಾನುವಾರ — ಮಧ್ಯಾಹ್ನ

ಚರ್ಚಿನ ಪೀಠದ ಬಟ್ಟೆಗೆ ಇಸ್ತ್ರಿ ಆಯಿತು. ಅಂಚಿನ ಲೇಸು ಎರಡು ಕಡೆ ಬಿಚ್ಚಿದೆ, ಹೊಲಿಯಬೇಕು. ಹಬ್ಬಕ್ಕೆ ಇನ್ನು ಇಪ್ಪತ್ತೈದು ದಿನ. ಇವರು ಅಟ್ಟದಿಂದ ಹಳೆ ನಕ್ಷತ್ರ ಇಳಿಸಿದರು. ಕಾಗದವನ್ನೆಲ್ಲ ಇಲಿ ತಿಂದಿದೆ, ಕಡ್ಡಿ ಮಾತ್ರ ಉಳಿದಿದೆ. "ನಮಗಿಂತ ಮೊದಲು ಇಲಿಗೆ ಹಬ್ಬ ಆಯ್ತು ನೋಡು" ಅಂದರು. ಅಂಟು ಕಲಸುತ್ತ ಸಿಳ್ಳೆ ಹಾಕುತ್ತಿದ್ದಾರೆ.

ಆರಾಧನೆ ಮುಗಿಸಿ ಹೊರಗೆ ಬಂದರೆ ಐದು ಜನ ಕೇಳಿದರು. "ಹಬ್ಬಕ್ಕೆ ಮಗಳು ಅಳಿಯ ಬರ್ತಾರಾ?" ಬರ್ತಾರೆ ಬರ್ತಾರೆ ಅಂದೆ. ಹಾಡಿದ ಬಾಯಿ ಇನ್ನೂ ಆರಿರಲಿಲ್ಲ, ಸುಳ್ಳು ಬಂತು.

ಅಳಿಯ ಬರುವುದಿಲ್ಲ. ಮಗಳು ಅವನ ಮನೆ ಬಿಟ್ಟು ನಾಲ್ಕು ತಿಂಗಳು. ದೊಡ್ಡ ಪೇಟೆಯಲ್ಲಿ ಹಾಸ್ಟೆಲಿನಲ್ಲಿದ್ದಾಳೆ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಗೊತ್ತಿರುವುದು ನನಗೊಬ್ಬಳಿಗೆ. ಇವರಿಗೂ ಹೇಳಿಲ್ಲ. ಹೇಳಿದರೆ ಆ ಗಳಿಗೆಯೇ ಅಳಿಯನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ, ಕೋಪದಲ್ಲಿ ಎಲ್ಲ ಕಕ್ಕಿಬಿಡುತ್ತಾರೆ. ಯಾರಿಗೂ ಹೇಳುವುದಿಲ್ಲ ಅಂತ ಅವಳು ನನ್ನಿಂದ ಆಣೆ ಹಾಕಿಸಿದಳು. ಆಣೆ ಇಡಬಾರದು ಅಂತ ನಮಗೆ ಕಲಿಸಿದ್ದಾರೆ. ಅವಳ ಕಣ್ಣಿನ ಕೆಳಗಿನ ಬಾವು ನೋಡುತ್ತ ಇಟ್ಟೆ.

ಇಪ್ಪತ್ತಮೂರಕ್ಕೆ ಬರುತ್ತಾಳಂತೆ. ಮೂರು ದಿನ ರಜೆ. ಅಪ್ಪನ ಎದುರು ಕೂತು ತಾನೇ ಹೇಳುತ್ತಾಳಂತೆ.

ಸಂತೋಷವೂ ಇದೆ. ಹೆದರಿಕೆಯೂ ಇದೆ. ಹಬ್ಬ ಬೇಗ ಬರಲಿ ಅನಿಸುತ್ತದೆ, ಬರದೆ ಅಲ್ಲೇ ನಿಲ್ಲಲಿ ಅಂತಲೂ...

ಡಿಸೆಂಬರ್ ೨, ಮಂಗಳವಾರ — ಸಂಜೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇವತ್ತು ಮುನ್ನೂರು ಬೆಡ್‌ಶೀಟು. ಇಸ್ತ್ರಿ ಮಾಡುವ ರೋಲರ್ ಕೆಟ್ಟು ಒಂದು ಗಂಟೆ ನಿಂತಿತ್ತು, ಆಮೇಲೆ ಎಲ್ಲ ಒಟ್ಟಿಗೆ ನುಗ್ಗಿ ಬಂತು. ಸೊಂಟ ಹಿಡಿದುಕೊಂಡಿದೆ.

ಬೆಡ್‌ಶೀಟು ಒಬ್ಬರೇ ಮಡಿಸುವ ಬಟ್ಟೆಯಲ್ಲ. ಎರಡು ತುದಿ ನನ್ನ ಕೈಲಿ, ಎರಡು ಜೊತೆಗೆ ಕೆಲಸ ಮಾಡುವ ಅಕ್ಕನ ಕೈಲಿ. ಒಮ್ಮೆ ಕೊಡವಬೇಕು, ಎದುರುಬದುರು ನಡೆದು ಬರಬೇಕು, ನನ್ನ ತುದಿ ಅವಳ ಕೈಗೆ ಕೊಟ್ಟು ಬಗ್ಗಿ ಮಡಿಕೆ ಹಿಡಿಯಬೇಕು. ಹನ್ನೊಂದು ವರ್ಷದಿಂದ ನಾವಿಬ್ಬರೇ ಜೋಡಿ. ಕಣ್ಣು ಮುಚ್ಚಿದರೂ ತುದಿ ತುದಿಗೆ ಕೂರುತ್ತದೆ. ಅವಳಿಗೆ ಎಲ್ಲರೂ ಗಂಜಿಯಕ್ಕ ಅಂತಾರೆ. ಗಂಜಿ ಹಾಕಿದ ಬಟ್ಟೆಯ ಹಾಗೆ ನೆಟ್ಟಗೆ ನಿಲ್ಲುತ್ತಾಳೆ, ನಡೆದರೆ ಸೀರೆ ಸರಸರ ಅನ್ನುತ್ತದೆ. ನಮ್ಮ ಬುಧವಾರದ ಪ್ರಾರ್ಥನಾ ಗುಂಪನ್ನು ನಡೆಸುವವಳೂ ಅವಳೇ.

"ಏನೇ, ಎರಡು ವಾರದಿಂದ ನೋಡ್ತಿದ್ದೀನಿ. ಮುಖಕ್ಕೆ ಇಸ್ತ್ರಿ ಹಾಕಬೇಕಾ?" ಅಂದಳು.

"ಸೊಂಟ ಅಕ್ಕ."

"ಸೊಂಟ ನೋವು ಸೊಂಟದಲ್ಲಿರುತ್ತೆ. ಇದು ಬೇರೆ. ನಂಗೆ ಹೇಳೋಕಾಗದಿದ್ರೆ ಚೀಟಿ ಬರಿ. ಹೆಸರು ಹಾಕಬೇಡ."

ಡಿಸೆಂಬರ್ ೩, ಬುಧವಾರ

ಚೀಟಿ ಹಾಕಿದೆ.

ಗಂಜಿಯಕ್ಕನ ಮನೆಯ ಮುಂದಿನ ಕೋಣೆಯಲ್ಲಿ ನಾವು ಇಪ್ಪತ್ತು ಹೆಂಗಸರು ಕೂರುತ್ತೇವೆ. ನಡುವೆ ಚೀಟಿ ಹಾಕಲು ಹಳೆಯ ಬಿಸ್ಕತ್ತಿನ ಡಬ್ಬ. ಈ ಬುಧವಾರ ಹಾಕಿದ ಚೀಟಿಯನ್ನು ಮುಂದಿನ ಬುಧವಾರ ಓದಿ ಪ್ರಾರ್ಥಿಸುತ್ತೇವೆ. ಹೆಸರಿರುವುದಿಲ್ಲ. ಆದರೆ ವಿವರ ಇರಲೇಬೇಕು ಅಂತ ಅವಳ ಪಾಠ. "ಸುಮ್ನೆ ಒಳ್ಳೇದು ಮಾಡು ಅಂದ್ರೆ ಯಾರಿಗೆ ಮಾಡ್ಲಿ, ಎಲ್ಲಿಗೆ ಹೋಗಿ ಮಾಡ್ಲಿ ಅವನು? ಬಿಡಿಸಿ ಹೇಳ್ಬೇಕು." ನನ್ನ ಅವ್ವನೂ ಹಾಗೇ. ಪ್ರಾರ್ಥನೆಯಲ್ಲಿ ಆಡಿನ ಬಣ್ಣ, ಕಟ್ಟಿದ ಗೂಟ ಎಲ್ಲ ಹೇಳುತ್ತಿದ್ದಳು.

ಹಾಗಾಗಿ ಬಿಡಿಸಿ ಬರೆದೆ. ಇಲ್ಲೂ ಬರೆದಿಡುತ್ತೇನೆ, ಈ ಪುಸ್ತಕ ಯಾರೂ ಓದುವುದಿಲ್ಲ—

"ಕರ್ತನೇ, ಗಂಡನ ಮನೆ ಬಿಟ್ಟ ನನ್ನ ಮಗಳನ್ನು ಕಾಪಾಡು. ದೊಡ್ಡ ಪೇಟೆಯ ರೈಲ್ವೆ ಸ್ಟೇಷನ್ ಎದುರು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತಿರುತ್ತಾಳೆ, ಕಾಲು ಬಾತುಕೊಳ್ಳುತ್ತದೆ. ಅವನ ಕೈ ಮತ್ತೆ ಅವಳ ಮೇಲೆ ಬೀಳದ ಹಾಗೆ ಮಾಡು."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬರುವಾಗ ದಾರಿಯಲ್ಲಿ ಕೇಕಿಗೆ ಒಣದ್ರಾಕ್ಷಿ ತಂದೆ. ಅವಳಿಗೆ ದ್ರಾಕ್ಷಿ ಜಾಸ್ತಿ ಬೇಕು.

ಡಿಸೆಂಬರ್ ೧೦, ಬುಧವಾರ — ಪ್ರಾರ್ಥನೆಯಿಂದ ಬಂದು

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮೂರನೆಯ ಚೀಟಿ ನನ್ನದು. ಗಂಜಿಯಕ್ಕ ಓದಿದಳು, ಪೂರ್ತಿ, ಸ್ಟೇಷನ್ನು ಅಂಗಡಿ ಸಮೇತ. ಅಲ್ಲಿಗೆ ನಿಲ್ಲಿಸಬೇಕಿತ್ತು. ಕನ್ನಡಕ ತೆಗೆದಳು, ಕಣ್ಣೊರೆಸಿಕೊಂಡಳು. "ಯಾರದು ಅಂತ ನನಗೆ ಗೊತ್ತು. ಇಂಥ ಭಾರ ಒಬ್ಬಳೇ ಹೊರಬಾರದು. ಬಾರೇ, ನಡುವೆ ಬಾ" ಅಂತ ನನ್ನ ಕೈ ಹಿಡಿದು ಎಬ್ಬಿಸಿದಳು.

ಇಪ್ಪತ್ತು ಜನ. ತಲೆ ಮೇಲೆ, ಭುಜದ ಮೇಲೆ, ಬೆನ್ನ ಮೇಲೆ ಕೈ. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಬೀದಿಯಲ್ಲಿ ಸೆರಗು ಜಾರಿದ ಹಾಗೆ ನಿಂತಿದ್ದೆ.

ಹೊರಡುವಾಗ ಕೇಳಿದೆ. ಹೇಗೆ ಗೊತ್ತಾಯಿತು?

"ಲಾಂಡ್ರಿ ಗಂಟಿನ ಮೇಲೆ ವಾರ್ಡಿನ ಹೆಸರು ಬರೆಯೋಳು ನೀನೇ ಅಲ್ವಾ? ಹನ್ನೊಂದು ವರ್ಷದಿಂದ ನಿನ್ನ ಅಕ್ಷರ ನೋಡ್ತಿದ್ದೀನಿ."

ಡಿಸೆಂಬರ್ ೧೧, ಗುರುವಾರ

ಮಡಿಸುವ ಮೇಜಿನ ಹತ್ತಿರ ನಾನೇ ಬಾಯಿ ತೆಗೆದೆ.

"ಅಕ್ಕ, ನೀವು ಹೀಗೆ ಮಾಡಬಾರದಿತ್ತು."

"ಏನೇ ಇದು, ನೀವು ಗೀವು? ಯಾವಾಗಿಂದ ನಿಂಗೆ ನಾನು ನೀವು ಆದೆ?"

"ನಿನ್ನೆಯಿಂದ."

ಅವಳ ಕೈಲಿದ್ದ ತುದಿ ಸಡಿಲವಾಯಿತು. ಶೀಟು ನೆಲ ಮುಟ್ಟಿತು. ನೆಲ ಮುಟ್ಟಿದ್ದನ್ನು ಮತ್ತೆ ಒಗೆಯಬೇಕು.

"ನಿನ್ನ ಮಗಳಿಗೋಸ್ಕರ ಇಪ್ಪತ್ತು ಜನ ಮೊಣಕಾಲೂರಿದ್ರು. ಅದು ತಪ್ಪಾ?"

"ಮೊಣಕಾಲೂರಿದ್ದು ತಪ್ಪಲ್ಲ. ಎದ್ದು ಮನೆಗೆ ಹೋಗ್ತಾರಲ್ಲ, ಆಮೇಲೆ?"

"ನೀನು ನಮ್ಮ ಜನರನ್ನ ನಂಬಲ್ಲ ಅಂತಾಯ್ತು."

"ನಂಬಿದ್ದೆ. ಅದಕ್ಕೇ ಬರೆದೆ."

ಡಿಸೆಂಬರ್ ೧೩, ಶನಿವಾರ

ಇವರಿಗೆ ಕ್ಷೌರದ ಅಂಗಡಿಯಲ್ಲಿ ಗೊತ್ತಾಯಿತು. ಅರ್ಧ ಗಡ್ಡ ಬೋಳಿಸಿಕೊಂಡು ಹಾಗೇ ಮನೆಗೆ ಬಂದರು. ಒಂದು ಕೆನ್ನೆಗೆ ಸೋಪು ಒಣಗಿತ್ತು. ನಗು ಬರುವ ಮುಖ. ನಗಲಿಲ್ಲ.

"ನಿಜವೇನೇ?"

ತಲೆ ಆಡಿಸಿದೆ.

"ನಾಲ್ಕು ತಿಂಗಳು ನಿನ್ನ ಪಕ್ಕದಲ್ಲಿ ಕೂತು ಊಟ ಮಾಡಿದೆ. ಮಗಳು ಹೇಗಿದ್ದಾಳೆ ಅಂತ ಕೇಳಿದ್ರೆ ಚೆನ್ನಾಗಿದ್ದಾಳೆ ಅಂದೆ. ನನ್ನ ಮಗಳಿಗೆ ಏಟು ಬಿದ್ದದ್ದು ಬೋಳಿಸೋನಿಗೆ ಗೊತ್ತು, ನಂಗೆ ಗೊತ್ತಿಲ್ಲ."

ನಾನು ಹೆದರಿದ ಹಾಗೆ ಅಳಿಯನ ಮನೆಗೆ ಹೊರಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಟಿನ ಬಟ್ಟಲು ತೆಗೆದು ಹಿತ್ತಲಲ್ಲಿ ಇಟ್ಟರು. ನಕ್ಷತ್ರಕ್ಕೆ ಎರಡೇ ಮೂಲೆ ಅಂಟಿಸಿ ಆಗಿದೆ. ಮೂರು ಮೂಲೆ ಬರೀ ಕಡ್ಡಿ.

ಡಿಸೆಂಬರ್ ೧೫, ಸೋಮವಾರ — ಸಂಜೆ ಆರು

ಮಗಳ ಫೋನು.

ಶನಿವಾರ ಅಳಿಯ ಅಂಗಡಿಗೆ ಬಂದಿದ್ದನಂತೆ. ಗಲಾಟೆ ಮಾಡಲಿಲ್ಲ. ಗಿರಾಕಿಯ ಹಾಗೆ ಕುರ್ಚಿಯಲ್ಲಿ ಕೂತು ಫ್ರೇಮ್ ತೋರಿಸಿ ಅಂದ. ಓನರ್ ಎದುರಿಗಿದ್ದಾರೆ, ಏನು ಮಾಡಲಿ ಇವಳು? ಒಂದೊಂದೇ ಫ್ರೇಮ್ ಇವಳ ಕೈಯಿಂದಲೇ ಅವನ ಮುಖಕ್ಕೆ ಹಾಕಬೇಕು, ಕಿವಿಯ ಹಿಂದೆ ಸರಿಮಾಡಬೇಕು. ಏಳು ಫ್ರೇಮ್ ಹಾಕಿಸಿಕೊಂಡನಂತೆ. ಕೊನೆಯದನ್ನು ಹಾಕಿದಾಗ ಕನ್ನಡಿ ನೋಡಲಿಲ್ಲ, ಇವಳನ್ನೇ ನೋಡಿ ಅಂದನಂತೆ— "ಈಗ ನೀನು ಚೆನ್ನಾಗಿ ಕಾಣ್ತಿದ್ದೀಯ."

ಹಿಂದಿನ ಬಾಗಿಲಿನಿಂದ ಹೊರಟವಳು ಮತ್ತೆ ಅಂಗಡಿಗೆ ಹೋಗಿಲ್ಲ. ಹಾಸ್ಟೆಲೂ ಬಿಟ್ಟಿದ್ದಾಳೆ.

"ಅಮ್ಮ, ನೀನು ಯಾರಿಗೆ ಹೇಳಿದೆ?"

"ಯಾರಿಗೂ ಹೇಳ್ಲಿಲ್ಲ ಕಣೇ. ದೇವರಿಗೆ ಹೇಳಿದೆ. ಚೀಟಿಯಲ್ಲಿ ಬರೆದು..."



"ದೇವರಿಗೆ ಹೇಳೋಕೆ ಚೀಟಿ ಯಾಕಮ್ಮಾ?"

ಗುಂಪು, ಡಬ್ಬ, ಗಂಜಿಯಕ್ಕ ಅಂತ ಏನೇನೋ ಹೇಳತೊಡಗಿದೆ.

"ಹಬ್ಬಕ್ಕೆ ಬರಲ್ಲ. ನಾನು ಎಲ್ಲಿದ್ದೀನಿ ಅಂತ ಕೇಳಬೇಡ" ಅಂದಳು. ಇಟ್ಟುಬಿಟ್ಟಳು.

ಡಿಸೆಂಬರ್ ೧೬

ಇನ್ನೂರ ನಲವತ್ತು ಶೀಟು. ತುದಿ ತುದಿಗೆ ಕೂರಲಿಲ್ಲ.

ಡಿಸೆಂಬರ್ ೧೯, ಶುಕ್ರವಾರ — ಊಟದ ಬಿಡುವು

ಅವನಿಗೆ ಯಾರು ಮುಟ್ಟಿಸಿದರು ಅಂತ ನಾಲ್ಕು ದಿನದಿಂದ ಒಬ್ಬೊಬ್ಬರ ಮುಖ ನೆನೆಸಿಕೊಂಡೆ. ನಮ್ಮ ಗುಂಪಿನ ದಪ್ಪ ನರ್ಸಮ್ಮನೇ ಇರಬೇಕು ಅಂದುಕೊಂಡೆ. ಅವಳನ್ನು ಮನಸ್ಸಿನಲ್ಲೇ ಎಷ್ಟು ಬೈದೆ. ಪಾಪ.

ಇವತ್ತು ಗಂಜಿಯಕ್ಕ ತಾನೇ ಹೇಳಿದಳು. ಅಳಿಯನ ಬೀದಿಯಲ್ಲೇ ಅವಳ ಓರಗಿತ್ತಿ ಇದ್ದಾಳಂತೆ. ಅಲ್ಲೂ ಒಂದು ಪ್ರಾರ್ಥನಾ ಗುಂಪು. ಆ ಬುಧವಾರ ರಾತ್ರಿಯೇ ಅಕ್ಕ ಅವಳಿಗೆ ಫೋನ್ ಮಾಡಿ ನನ್ನ ಚೀಟಿ ಓದಿ ಹೇಳಿದ್ದಾಳೆ.

"ಹೆಚ್ಚು ಜನ ಪ್ರಾರ್ಥಿಸಲಿ ಅಂತ ಕಣೇ. ಹೆಸರು ಹೇಳ್ಲೇ ಇಲ್ಲ ನಾನು, ಆಣೆಗೂ. ನೀನು ಬರೆದದ್ದನ್ನೇ ಓದಿದೆ. ಒಂದಕ್ಷರ ಸೇರಿಸಿಲ್ಲ."

ಒಂದಕ್ಷರ ಸೇರಿಸಿಲ್ಲ. ಅದನ್ನೇ ದೊಡ್ಡದಾಗಿ ಹೇಳಿಕೊಂಡಳು. ಹೆಂಡತಿ ಕಾಣೆಯಾದ ಬೀದಿಯಲ್ಲಿ ಹೆಸರು ಯಾರಿಗೆ ಬೇಕು?

"ಅವನು ಅಂಗಡಿಗೆ ಹೋಗಿದ್ದ. ಈಗ ಅವಳು ಎಲ್ಲಿದ್ದಾಳೆ ಅಂತ ನಂಗೂ ಗೊತ್ತಿಲ್ಲ" ಅಂದೆ.

ಗಂಜಿಯಕ್ಕ ಪಕ್ಕದ ಗಂಟಿನ ಮೇಲೆ ಕುಸಿದು ಕೂತಳು. ಹನ್ನೊಂದು ವರ್ಷದಲ್ಲಿ ಅವಳು ಬಗ್ಗಿ ಕೂತದ್ದು ನೋಡಿರಲಿಲ್ಲ. ಮರುಕ ಬಂತು. ಮರುಕ ಬಂದದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಗಂಜಿ ತೊಟ್ಟಿಯ ಹತ್ತಿರ ಹೋಗಿ ನಿಂತೆ.

ಡಿಸೆಂಬರ್ ೨೧, ಭಾನುವಾರ

ಚರ್ಚಿನಲ್ಲಿ ಮಕ್ಕಳ ನಾಟಕದ ಅಭ್ಯಾಸ. ಮೂವರು ಜ್ಞಾನಿಗಳು ಬೆಡ್‌ಶೀಟು ಹೊದ್ದು ಬಂದರು. ಗಡ್ಡ ಉದುರಿ ಬೀಳುತ್ತಿತ್ತು, ಎಲ್ಲರೂ ನಗುತ್ತಿದ್ದರು. ಅರಮನೆಗೆ ಹೋಗಿ ಗಟ್ಟಿಯಾಗಿ ಕೇಳಿದರು, ಹುಟ್ಟಿದ ಕೂಸು ಎಲ್ಲಿ ಅಂತ. ಸಿಂಹಾಸನದಲ್ಲಿದ್ದ ಅರಸ ಕಿವಿ ನಿಮಿರಿಸಿದ.

ಐವತ್ತು ವರ್ಷ ಈ ಕಥೆ ಕೇಳಿದ್ದೇನೆ. ಇವತ್ತು ಮೈ ಜುಮ್ಮೆಂದಿತು. ಅವರು ಕೆಟ್ಟವರಲ್ಲ. ಕಾಣಿಕೆ ಹೊತ್ತು, ನಕ್ಷತ್ರ ನೋಡಿ, ಅಷ್ಟು ದೂರ ನಡೆದು ಬಂದ ಭಕ್ತರು. ಕೇಳಬಾರದ ಕಡೆ ಕೇಳಿದರು. ಆ ಕೂಸನ್ನು ಮುಗಿಸಲು ಅರಸ ಊರಿನ ಗಂಡುಕೂಸುಗಳನ್ನೆಲ್ಲ ಕೊಲ್ಲಿಸಿದ, ಎಷ್ಟು ತೊಟ್ಟಿಲು ಖಾಲಿಯಾದವು. ನಾಟಕದಲ್ಲಿ ಅದನ್ನು ಯಾವತ್ತೂ ತೋರಿಸುವುದಿಲ್ಲ. ಕೂಸಿನ ಹತ್ತಿರ ಹಾಡಿಗೆ ಮುಗಿಸುತ್ತಾರೆ.

ಗಂಜಿಯಕ್ಕನೂ ಕೆಟ್ಟವಳಲ್ಲ. ಗೊತ್ತು. ಗೊತ್ತಾದರೆ ನೋವು ಕಮ್ಮಿ ಆಗುತ್ತದೆ ಅಂತ ಯಾರು ಹೇಳಿದ್ದು?

ವಿಳಾಸ ಬರೆದ ಕೈ ಯಾರದು, ಅದೂ ಗೊತ್ತು.

ಡಿಸೆಂಬರ್ ೨೩, ಮಂಗಳವಾರ

ಅವಳು ಬರಬೇಕಾಗಿದ್ದ ದಿನ. ಕೇಕ್ ಮಾಡಿದೆ, ಒಣದ್ರಾಕ್ಷಿ ಜಾಸ್ತಿ ಹಾಕಿ. ಯಾರಿಗೆ ಅಂತ ಇವರು ಕೇಳಲಿಲ್ಲ.

ಸಂಜೆ ಇವರು ಹಿತ್ತಲಿನಿಂದ ಬಟ್ಟಲು ತಂದು ಹೊಸದಾಗಿ ಅಂಟು ಕಲಸಿದರು. ಸಿಳ್ಳೆ ಇಲ್ಲ. ಉಳಿದ ಮೂರು ಮೂಲೆಗೆ ಕಾಗದ ಅಂಟಿಸಿದರು, ನಾನು ಕಡ್ಡಿ ಹಿಡಿದುಕೊಂಡೆ. ಬಾಗಿಲಿಗೆ ಮೊಳೆ ಹುಡುಕಿಕೊಟ್ಟರೆ ಬೇಡ ಅಂದರು.

"ಬೀದಿಗೆ ಬೇಡ. ಒಳಗೆ ಕಟ್ತೀನಿ. ನಮ್ಮನೆ ವಿಷಯ ಬೀದಿ ನೋಡಿದ್ದು ಸಾಕು."

ಅಡುಗೆಮನೆಯಲ್ಲಿ ನಕ್ಷತ್ರ. ತಲೆಗೆ ತಗಲುತ್ತದೆ. ಬಗ್ಗಿ ಓಡಾಡಬೇಕು.

ಡಿಸೆಂಬರ್ ೨೪, ಬುಧವಾರ

ಪ್ರಾರ್ಥನಾ ಗುಂಪಿಗೆ ಹೋಗಲಿಲ್ಲ. ಇಲ್ಲೇ ಮಂಚದ ಪಕ್ಕ ಮೊಣಕಾಲೂರಿದೆ. ಅಭ್ಯಾಸಬಲದಿಂದ ಊರು, ಬೀದಿ ಅಂತ ನಾಲಿಗೆ ತುದಿಗೆ ಬಂತು. ಹೇಳಲು ಏನೂ ಇರಲಿಲ್ಲ. ಅವಳು ಎಲ್ಲಿದ್ದಾಳೋ ನಿನಗೆ ಗೊತ್ತು, ನನಗೆ ಗೊತ್ತಿಲ್ಲ ಅಂದೆ. ಅಷ್ಟೆ. ಇಷ್ಟು ಚಿಕ್ಕ ಪ್ರಾರ್ಥನೆ ಹುಟ್ಟಿದಾಗಿನಿಂದ ಮಾಡಿಲ್ಲ.

ಡಿಸೆಂಬರ್ ೨೫, ಗುರುವಾರ — ಮಧ್ಯಾಹ್ನ

ಆರಾಧನೆ ಆಯಿತು. ಪೀಠದ ಬಟ್ಟೆಯ ಲೇಸು ಹೊಲಿದದ್ದು ಕಾಣುತ್ತಿರಲಿಲ್ಲ.

ಗಂಜಿಯಕ್ಕ ನಮ್ಮ ಬೆಂಚಿನಲ್ಲೇ, ಪಕ್ಕದಲ್ಲೇ ಕೂತಳು. ಒಬ್ಬರಿಗೊಬ್ಬರು ಕೈಕೊಟ್ಟು ಸಮಾಧಾನ ಹೇಳಿ ಅಂತ ಪಾದ್ರಿಯವರು ಅಂದಾಗ ಕೈ ಚಾಚಿದಳು. ಹಿಡಿದುಕೊಂಡೆ. ಎಷ್ಟೋ ಸಾವಿರ ಸಲ ಮುಟ್ಟಿದ ಕೈ. ಅವಳು ಏನೋ ಹೇಳಲು ಬಾಯಿ ತೆರೆದಳು, ಹಾಡು ಶುರುವಾಯಿತು. ಒಳ್ಳೆಯದಾಯಿತು. ಕ್ಷಮಿಸಿದೆ ಅಂತ ಬರೆದರೆ ಸುಳ್ಳು. ನಾಳೆಯೂ ಶೀಟು ಮಡಿಸುವುದಿದೆ, ನೋಡೋಣ.

ಮನೆಗೆ ಬಂದು ಬೀಗ ತೆಗೆಯುತ್ತಿದ್ದಾಗ ಫೋನು. ಹೊಸ ನಂಬರು.

"ಅಮ್ಮ, ಹಬ್ಬದ ಶುಭಾಶಯ."

ಊಟ ಮಾಡಿದೆಯಾ ಅಂದೆ. ಕಾಲು ನೋವು ಹೇಗಿದೆ ಅಂದೆ. ಅಪ್ಪನಿಗೆ ಎಲ್ಲ ಗೊತ್ತಾಗಿದೆ ಅಂದೆ. ಎಲ್ಲಿ ಅಂತ ಮಾತ್ರ ಕೇಳಲಿಲ್ಲ. ತುಟಿ ಕಚ್ಚಿಕೊಂಡಿದ್ದೆ.

"ಕೇಳಲ್ವಾ?"

"ಇಲ್ಲ ಮಗಳೇ. ಕೇಳಲ್ಲ."

ಅವಳು ಅತ್ತಳೋ ನಕ್ಕಳೋ. "ಹೇಳ್ತೀನಿ ಕೇಳು. ಒಬ್ಬರಿಗಾದ್ರೂ ಗೊತ್ತಿರಬೇಕಲ್ಲಮ್ಮಾ. ನಿಂಗೂ ಅಪ್ಪನಿಗೂ. ಅಷ್ಟೆ."

ಹೇಳಿದಳು. ಇವರನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದೆ. ಇವರು ತಲೆ ಎತ್ತಿದರು, ನಕ್ಷತ್ರ ಹಣೆಗೆ ಬಡಿಯಿತು. ಕೇಕ್ ಕೊಯ್ದೆವು.

ಚೆನ್ನಾಗಿದ್ದಾಳೆ. ಹೊಸ ಕೆಲಸ ಸಿಕ್ಕಿದೆ, ಕೂತು ಮಾಡುವ ಕೆಲಸವಂತೆ. ಅವಳು ಈಗ ಇರುವುದು... ಬೇಡ. ಇಲ್ಲೂ ಬರೆಯುವುದಿಲ್ಲ.