ನಾಳೆ ಬಸ್ತಾ ಕಟ್ಟುವ ಮೊದಲು

ಶ್ರದ್ಧಾ,

ಪತ್ರದ ತಲೆಗೆ ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆಯಬೇಕು ಅಂತ ನನ್ನ ಸಾಲೆಯ ಮಕ್ಕಳಿಗೆ ನಾನೇ ಕಲಿಸುತ್ತೇನೆ. ಇವತ್ತು ಹಾಗೆ ಬರೆಯಲು ಕೈ ಬರಲಿಲ್ಲ. ನಾವು ಕ್ಷೇಮವಾಗಿಲ್ಲ. ನೀನಾದರೂ ಇರಬೇಕು ಅಂತ ಬರೆಯುತ್ತಿದ್ದೇನೆ.

ಬೋರಾಮಣಿಯ ನಿಮ್ಮ ಮನೆಯಲ್ಲಿ ನಿಶ್ಚಯವಾಗಿ ಸಾಖರಪುಡಾ, ಅಂದರೆ ಸಕ್ಕರೆಯ ಪೊಟ್ಟಣ, ನಿನ್ನ ಕೈಗಿಟ್ಟ ದಿನ ಎಲ್ಲರೂ ನನ್ನನ್ನು ಮುಂದೆ ತಳ್ಳಿ, “ಯೋಗಿತಾ, ಅಣ್ಣನ ಹೆಂಡ್ತಿ ಆಗಾಕಿ, ವೈನಿ ಅನ್ನು” ಅಂದರು. ನಾನು ಅಂದೆ, ನೀನು ನಾಚಿ ನಕ್ಕೆ. ಇವತ್ತು ಬೇಕಂತಲೇ ಹೆಸರು ಹಿಡಿದು ಬರೆಯುತ್ತಿದ್ದೇನೆ. ನಮ್ಮಿಬ್ಬರದೂ ಒಂದೇ ವಯಸ್ಸು, ಸಿಟ್ಟಾಗಬೇಡ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀ. ನಿನ್ನ ಫೋನಿನ ಲಾಕ್ ನನ್ನ ಅಣ್ಣ ಅಮೋಲನಿಗೆ ಗೊತ್ತು. “ಹೆಂಡ್ತಿ ಆಗಾಕಿ, ನನ್ನಿಂದ ಮುಚ್ಚೂದು ಏನದ ಆಕೀಗಿ” ಅಂತ ನಮ್ಮ ಮುಂದೆ ಮೀಸೆ ತಿರುವಿ ಹೇಳಿದ್ದಾನೆ. ಅವನಿಗೆ ಸಿಕ್ಕರೂ ತಿಳಿಯದ್ದು ಒಂದೇ, ಕನ್ನಡದ ಕೈಬರಹ. ಅಪ್ಪ ಮಗನನ್ನು ಸೋಲಾಪುರದ ಮರಾಠಿ ಸಾಲೆಗೆ ಹಾಕಿದ, ಮಗಳಿಗೆ ನಮ್ಮೂರು ಕುರನೂರಿನ ಕನ್ನಡ ಸಾಲೆ ಸಾಕು ಅಂದ. ಹುಟ್ಟಿದಾಗಿನಿಂದ ಕನ್ನಡವನ್ನೇ ಆಡುವ ಅಣ್ಣನಿಗೆ ಅದರ ಒಂದಕ್ಷರ ಓದಲು ಬಾರದು. ನೀನೂ ನನ್ನ ಹಾಗೆ ಕನ್ನಡ ಸಾಲೆಯವಳು. ಅಪ್ಪ ಮಾಡಿದ ಪಂಕ್ತಿಭೇದ ಇವತ್ತು ನಮ್ಮಿಬ್ಬರ ಕೆಲಸಕ್ಕೆ ಬಂತು.

ನಾಳೆ ಸೋಲಾಪುರದಲ್ಲಿ ಬಸ್ತಾ. ಎರಡೂ ಮನೆಯವರು ಅಂಗಡಿಯ ಗಾದಿಯ ಮೇಲೆ ಕೂತು ಮದುವೆಯ ಬಟ್ಟೆ ಆರಿಸುತ್ತೇವೆ. ನಿನ್ನ ಶಾಲೂ ಸೀರೆಯ ಮೇಲೆ ಅರಿಶಿಣ ಕುಂಕುಮ ಬಿತ್ತೆಂದರೆ ಆಮೇಲೆ ನಮ್ಮ ಕಡೆಯ ಮಂದಿ ಮದುವೆ ಮುರಿಯುವುದಿಲ್ಲ. ಹೆಣ ಬಿದ್ದರೂ ಬದಿಗೆ ಸರಿಸಿ ತಾಳಿ ಕಟ್ಟಿಸುತ್ತಾರೆ. ಅದಕ್ಕೇ ಕುಂಕುಮಕ್ಕಿಂತ ಮೊದಲು, ಚಹಾ ಬಂದಾಗ, ಈ ಕಾಗದ ನಿನ್ನ ಕೈಗಿಡುತ್ತೇನೆ. ಪಾಯಖಾನೆಗೆ ಹೋಗಿ ಬಾಗಿಲ ಚಿಲಕ ಹಾಕಿಕೊಂಡು ಪೂರ್ತಿ ಓದು. ಆಮೇಲೆ ಹೊರಗೆ ಬಾ.

ನಮ್ಮ ಶ್ರೀಲಂಕಾ ಪ್ರವಾಸವನ್ನು ನೀನು ಅಮೋಲನ ಸ್ಟೇಟಸ್‌ನಲ್ಲಿ ನೋಡಿದ್ದೀ. ಮದುವೆಗಿಂತ ಮೊದಲು ಒಮ್ಮೆ ನಾಲ್ಕೂ ಮಂದಿ ಕೂಡಿ ವಿಮಾನ ಹತ್ತಬೇಕೆಂಬುದು ಅಪ್ಪನ ಆಸೆ. ನದಿ, ಕಾಡು, ಆನೆ, ಸಮುದ್ರ ಎಲ್ಲ ಅಮೋಲನ ಆಯ್ಕೆ. ಅವ್ವ ವಾರಗಟ್ಟಲೆ ಖಡಕ್ ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿದಳು. ಕುರನೂರ ಡ್ಯಾಮಿನ ಹೊರತು ದೊಡ್ಡ ನೀರು ಕಾಣದ ಅವ್ವ ವಿಮಾನದ ಕಿಟಕಿಯಿಂದ ಸಮುದ್ರ ನೋಡಿ, “ಇಷ್ಟೂ ನೀರು ಉಪ್ಪೇನ? ಯಾಂವ ಹಾಳು ಮಾಡ್ಯಾನಬೇ” ಅಂದಳು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಅಮೋಲನೂ ನಕ್ಕ. ಅವನು ನಗುವಾಗ ಎಷ್ಟು ಚಂದ ಕಾಣುತ್ತಾನೆ ಎಂಬುದು ನಿನಗೆ ಗೊತ್ತಿದೆ, ನನಗೂ ಗೊತ್ತಿದೆ. ಆ ನಗೆಯನ್ನು ನೋಡಿಯೇ ಮಂದಿ ಹೆಣ್ಣು ಕೊಡುತ್ತಾರೆ.

ಕಿತುಲ್‌ಗಲ ಎಂಬಲ್ಲಿ ಬಂಡೆಗಳ ನಡುವೆ ನೊರೆಯೆದ್ದು ಓಡುವ ನದಿಯಲ್ಲಿ ರಬ್ಬರ್ ದೋಣಿ ಹತ್ತಿದೆವು. ಅಪ್ಪ, ಅವ್ವ ದಂಡೆಯಲ್ಲಿ ಕೂತರು. ಕೊನೆಗೆ ನೀರು ಶಾಂತವಾಗುವ ಕಡೆ ಎಲ್ಲರೂ ಇಳಿದು ಲೈಫ್ ಜಾಕೆಟ್ಟಿನ ಬಲದಲ್ಲಿ ತೇಲುತ್ತಿದ್ದೆವು. ನನಗೆ ಈಜು ಬಾರದೆಂದು ಅಣ್ಣನಿಗೆ ಗೊತ್ತು. ಹಿಂದಿನಿಂದ ಬಂದು ನನ್ನ ತಲೆ ಹಿಡಿದು ನೀರಿಗೆ ಅದುಮಿದ. ಮೊದಲು ಆಟ ಅಂದುಕೊಂಡೆ. ಮೂಗಿಗೆ ನೀರು ಏರಿತು, ಎದೆ ಒಡೆಯುವ ಹಾಗಾಯಿತು, ಅವನ ಕೈ ಬಿಡಲಿಲ್ಲ. ಕೈಯನ್ನು ಉಗುರಿನಿಂದ ಕಿತ್ತು ಮೇಲೆ ಬಂದವಳು ಅವನ ಕಪಾಳಕ್ಕೆ ಬಾರಿಸಿದೆ. ದೋಣಿಯವರು ಚಪ್ಪಾಳೆ ತಟ್ಟಿದರು, ಅವನೂ ನಕ್ಕ. ಬಟ್ಟೆ ಬದಲಿಸುವ ತಗಡಿನ ಕೋಣೆಯ ಹಿಂದೆ ನನ್ನ ಬಲಗೈಯ ಕಿರುಬೆರಳು ಹಿಡಿದು, ಲಟಕ್ ಅನ್ನುವವರೆಗೆ ಹಿಂದಕ್ಕೆ ತಿರುವಿದ. ದನಿ ಏರಿಸಲೇ ಇಲ್ಲ. “ಮಂದಿ ಮುಂದ ಕೈ ಎತ್ತಬಾರದು, ಯೋಗೀ” ಅಂದ. ಈ ಕಾಗದದಲ್ಲಿ ನನ್ನ ಅಕ್ಷರ ಸೊಟ್ಟಗಿರುವುದು ಅದಕ್ಕೇ.

ಮರುದಿನ ಕತರಗಾಮದ ದೇವರಿಗೆ ಹೊರಟೆವು. ಕಾಡಿನ ನಡುವೆ ರಸ್ತೆ. ವ್ಯಾನು ನಡೆಸುವವನು ನಿಮಲ್, ಅಪ್ಪನ ವಯಸ್ಸಿನವನು, ಹರಕುಮುರುಕು ಹಿಂದಿ ಆಡುತ್ತಿದ್ದ. ದಾರಿಯ ಮಗ್ಗುಲಿಗೆ ಒಂದು ಆನೆ ನಿಂತಿತ್ತು. ನಿಮಲ್ “ಶೀಶಾ ಬಂದ್, ಶೀಶಾ ಬಂದ್” ಎಂದು ಕಿಟಕಿ ಮುಚ್ಚಲು ಹೇಳುತ್ತ ಗಾಡಿ ಓಡಿಸಿಕೊಂಡು ಹೋಗಲು ನೋಡಿದ. ಮುಂದಿನ ಸೀಟಿನಲ್ಲಿದ್ದ ಅಮೋಲನಿಗೆ ವಿಡಿಯೋ ಬೇಕಿತ್ತು. ನಿಲ್ಲಿಸು ಅಂದ. ನಿಮಲ್ ಕೇಳಲಿಲ್ಲ. ಅಮೋಲ ಕೈ ಚಾಚಿ ಕೀಲಿ ತಿರುವಿ ಕಿತ್ತುಕೊಂಡ. ವ್ಯಾನು ಆನೆಯ ಎದುರಿಗೇ ನಿಂತಿತು.

ಇನ್ನು ನಮ್ಮಪ್ಪ. ಕುರನೂರಿನ ನಮ್ಮ ಓಣಿಗೆ ಮಾವುತರು ಆನೆ ತಂದಾಗಲೆಲ್ಲ ಅಪ್ಪ ರೊಟ್ಟಿ ಬೆಲ್ಲ ಕೊಟ್ಟು, ತಲೆ ಬಗ್ಗಿಸಿ, ಸೊಂಡಿಲಿನಿಂದ ಆಶೀರ್ವಾದ ಪಡೆಯುತ್ತಿದ್ದ. ನಮ್ಮ ತಲೆಗಳನ್ನೂ ಹಿಡಿದು ಬಗ್ಗಿಸುತ್ತಿದ್ದ. “ಗಣಪ್ಪ ದಾರಿಗಿ ಬಂದು ನಿಂತಾನ, ಬರೀ ಕೈಲೆ ಹ್ಯಾಂಗ ಹೋಗೂದು” ಅನ್ನುತ್ತ ಕಿಟಕಿ ಸರಿಸಿದ. ಖಡಕ್ ರೊಟ್ಟಿಯ ಮೇಲೆ ಬೆಲ್ಲವಿಟ್ಟು ಚಾಚಿದ. ಆನೆ ತೆಗೆದುಕೊಂಡಿತು. ಅಪ್ಪ ಟೋಪಿ ತೆಗೆದು, ಕಿಟಕಿಯಿಂದ ತಲೆಯನ್ನು ಹೊರಗೆ ಹಾಕಿ, ಕಣ್ಣು ಮುಚ್ಚಿದ. ಅಂಥ ಕಾಡಾನೆಯ ಮುಂದೆ ಬೋಳುತಲೆ ಒಡ್ಡಿದ ಮನುಷ್ಯ ಈ ಲೋಕದಲ್ಲಿ ನಮ್ಮಪ್ಪ ಬಂಡೆಪ್ಪ ಒಬ್ಬನೇ ಇರಬೇಕು.

ಸೊಂಡಿಲು ಅಪ್ಪನ ತಲೆಯನ್ನು ಸರಿಸಿ ನೇರ ಒಳಗೆ ಬಂತು. ಅವ್ವನ ತೊಡೆಯ ಮೇಲೆ ಹೋಳಿಗೆಯ ಚೀಲ. ಚೀಲದ ಪಟ್ಟಿಯನ್ನು ಅವ್ವ, ಬಸ್ಸಿನಲ್ಲಿ ಕಳ್ಳರಿಗೆ ಹೆದರಿ ಸುತ್ತಿಕೊಳ್ಳುವ ಹಾಗೆ, ಮುಂಗೈಗೆ ಸುತ್ತಿಕೊಂಡಿದ್ದಳು. ಆನೆ ಚೀಲ ಎಳೆಯಿತು, ಚೀಲದೊಂದಿಗೆ ಅವ್ವನೂ ಎಳೆದುಹೋದಳು. ಆನೆ ಹಣೆಯಿಂದ ಒಮ್ಮೆ ಗುದ್ದಿದ್ದೇ ತಡ ಕಿಟಕಿ ಪುಡಿಯಾಯಿತು, ವ್ಯಾನು ಒಂದು ಮಗ್ಗುಲಿಗೆ ಎದ್ದು ಮತ್ತೆ ಚಕ್ರಗಳ ಮೇಲೆ ಬಿತ್ತು. ಮುರಿದ ಅಂಚಿನ ಮೇಲೆ ಅವ್ವನ ತೋಳು ಮೊಣಕೈಯಿಂದ ಮುಂಗೈವರೆಗೆ ಸೀಳಿಕೊಂಡು ಹೋಯಿತು. ನಾನು ಅವ್ವನ ಸೊಂಟ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೆ. ರಕ್ತ ನನ್ನ ಬಾಯಿಗೂ ಬಂತು. ಕೀಲಿ ಅಮೋಲನ ಮುಷ್ಟಿಯಲ್ಲಿತ್ತು, ಅಮೋಲ ಸೀಟಿನ ಕೆಳಗೆ ಮುದುಡಿದ್ದ. ನಿಮಲ್ ಅವನ ಮುಷ್ಟಿ ಬಿಡಿಸಿ ಕೀಲಿ ಕಸಿದು ಗಾಡಿ ಹಿಂದಕ್ಕೆ ಓಡಿಸಿದ. ಪಟ್ಟಿ ಹರಿಯಿತು. ಹೋಳಿಗೆ ಆನೆಗೆ ಸೇರಿತು, ಅವ್ವ ನಮಗೆ ಉಳಿದಳು.

ನಾನು ಹೇಳಬೇಕಾದ ಹಿಂಸೆ ಇದಲ್ಲ, ಶ್ರದ್ಧಾ. ಆನೆ ಹಸಿದಿತ್ತು, ಕೊಟ್ಟದ್ದನ್ನು ತಿಂದಿತು, ಹೋಯಿತು. ಅದರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ.

ದೂರ ಬಂದ ಮೇಲೆ ನಿಮಲ್ ಗಾಡಿ ನಿಲ್ಲಿಸಿ, ತನ್ನ ಅಂಗಿ ಬಿಚ್ಚಿ ಅವ್ವನ ತೋಳಿಗೆ ಕಟ್ಟಿದ. ಕಟ್ಟುತ್ತ ಕಟ್ಟುತ್ತ ಸಿಟ್ಟು ತಡೆಯದೆ ತನ್ನ ಭಾಷೆಯಲ್ಲಿ ಅಮೋಲನನ್ನು ಬೈದ. ಅವ್ವನ ಕಡೆ ಬೊಟ್ಟು ಮಾಡಿ, ಕೀಲಿ ತೋರಿಸಿ ಬೈದ. ಭಾಷೆ ಬಾರದಿದ್ದರೂ ನಮಗೆಲ್ಲ ತಿಳಿಯಿತು. ಅಪ್ಪನ ಎದುರು, ತಂಗಿಯ ಎದುರು ಒಬ್ಬ ಡ್ರೈವರ್ ಬೈದ ಎಂಬುದಷ್ಟೇ ಅಮೋಲನಿಗೆ ಕಂಡದ್ದು. ಅವ್ವನ ರಕ್ತ ಕಾಣಲಿಲ್ಲ. ಸೀಟಿನ ಕೆಳಗಿದ್ದ ಚಕ್ರ ಬಿಚ್ಚುವ ಪಾನಾ ತೆಗೆದುಕೊಂಡು ಇಳಿದ. ಬರಿಮೈಯಲ್ಲಿ ನಿಂತಿದ್ದ ಆ ಮುದುಕನನ್ನು ರಸ್ತೆಗೆ ಕೆಡವಿ ಹೊಡೆದ. ಬೆನ್ನಿಗೆ ಹೊಡೆದ, ಪಕ್ಕೆಲುಬಿಗೆ ಒದ್ದ. ನಿಮಲ್ ತಲೆ ಉಳಿಸಿಕೊಳ್ಳಲು ಕೈ ಅಡ್ಡ ತಂದಾಗ ಬೆರಳುಗಳ ಮೇಲೆ ಹೊಡೆದ. ಒಣಕಟ್ಟಿಗೆ ಮುರಿದ ಸದ್ದಾಯಿತು. ನಾನು ಅವನ ತೋಳಿಗೆ ಜೋತುಬಿದ್ದು ಕಚ್ಚಿದೆ. ಅವನು ನನ್ನ ಜಡೆ ಸುತ್ತಿ ಹಿಡಿದು ವ್ಯಾನಿನ ಬಾಗಿಲಿಗೆ ಹಣೆ ಜಜ್ಜಿದ. ಒಂದು ಸಲವಲ್ಲ, ಅವನ ಕೈ ಸೋಲುವವರೆಗೆ ಜಜ್ಜಿದ. ಅಪ್ಪ ಟೋಪಿ ಕೈಯಲ್ಲಿ ಹಿಡಿದು, “ಅಮೋಲಾ, ಸಾಕು ಮಾಡಪಾ, ಮಂದಿ ನೋಡ್ತಾರ” ಅನ್ನುತ್ತಿದ್ದ. ಸುತ್ತ ಕಾಡು. ಮಂದಿ ಎಲ್ಲಿಂದ ಬರಬೇಕು.

ಆಮೇಲೆ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದವನು ಯಾರು ಹೇಳು. ಅದೇ ನಿಮಲ್. ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಒಂದೇ ಕೈಯಲ್ಲಿ ಗಾಡಿ ನಡೆಸಿದ. ಪಕ್ಕದಲ್ಲಿ ಕೂತ ಅಮೋಲ ನಿನಗೆ ಫೋನ್ ಹಚ್ಚುತ್ತಿದ್ದ. ನೀನು ಎತ್ತಲಿಲ್ಲ. ಮತ್ತೆ ಹಚ್ಚಿದ, ಎತ್ತಲಿಲ್ಲ. ಪಾನಾ ಇನ್ನೂ ಅವನ ಕಾಲ ಬಳಿಯೇ ಇತ್ತು. “ಎತ್ತವಲ್ಲಳು. ಇರಲಿ, ಮನಿಗಿ ಬರಲಿ. ಈಕೀಗಿ ಹ್ಯಾಂಗ ಕಲಿಸಬೇಕಂತ ನನಗ ಗೊತ್ತದ” ಅಂದ. ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ. ನೀನು ಆಗ ಏನು ಮಾಡುತ್ತಿದ್ದೆಯೋ, ಸ್ನಾನಕ್ಕೆ ಹೋಗಿದ್ದೆಯೋ, ಹೊಲಕ್ಕೆ ಹೋಗಿದ್ದೆಯೋ. ಅಷ್ಟಕ್ಕೇ ನಿನ್ನ ಪಾಲಿನ ಬಡಿತ ಬರೆದಿಟ್ಟಾಗಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರೆ ನಿಮಲ್ ತನ್ನ ಬೆರಳು ತೋರಿಸಿ “ಅಲಿಯಾ” ಅಂದ. ಅಲಿಯಾ ಅಂದರೆ ಅವರ ಮಾತಿನಲ್ಲಿ ಆನೆ. ಪ್ರವಾಸಿಗರ ಮೇಲೆ ದೂರು ಕೊಟ್ಟ ಡ್ರೈವರನಿಗೆ ಮುಂದೆ ಯಾರೂ ಗಾಡಿ ಕೊಡುವುದಿಲ್ಲವಂತೆ. ನನ್ನ ಹಣೆಗೂ ಅಲಿಯಾ ಅಂದ. ಒಳಗೆ ನರ್ಸ್ ಅವ್ವನ ತೋಳಿಗೆ ಹೊಲಿಗೆ ಹಾಕಲು ಕುಪ್ಪಸದ ತೋಳು ಕತ್ತರಿಸಿದಳು. ರಟ್ಟೆಯ ಮೇಲೆ, ಭುಜದ ಹಿಂದೆ, ಹಳದಿಯಾದ ಬಾಸುಂಡೆ, ಹಸಿರಾದ ಬಾಸುಂಡೆ, ಬೆರಳಿನ ಗುರುತು. ಆನೆಗಿಂತ ಹಳೆಯವು. ನಾನು ನೌಕರಿಗೆಂದು ಅಕ್ಕಲಕೋಟದಲ್ಲಿ ಕೋಣೆ ಮಾಡಿಕೊಂಡಿರುವವಳು, ರಜೆಗಷ್ಟೇ ಕುರನೂರಿಗೆ ಹೋಗುವವಳು. ಅವ್ವನ ಮೈ ನಾನು ನೋಡಿದ್ದು ಅವತ್ತೇ. ನರ್ಸ್ ಒಂದೊಂದನ್ನೂ ಮುಟ್ಟಿ ಅವ್ವನ ಮುಖ ನೋಡಿದಳು. ಅವ್ವ ಪರದೇಶದಲ್ಲಿ ಕಲಿತದ್ದು ಒಂದೇ ಮಾತು. ಮುಟ್ಟಿದಲ್ಲೆಲ್ಲ “ಅಲಿಯಾ” ಅಂದಳು. ನರ್ಸ್ ನನ್ನ ಕಡೆ ತಿರುಗಿದಳು. ನಾನು ಬಾಗಿಲ ಹೊರಗೆ ಕೂತಿದ್ದ ಅಮೋಲನ ಕಡೆ ಬೊಟ್ಟು ಮಾಡಿದೆ.

ಆ ಸಂಜೆಯ ಸಮುದ್ರದ ಫೋಟೋ ನಿನಗೆ ನೆನಪಿರಬೇಕು. ಅಮೋಲ ಅವ್ವನಿಗೆ ಶಾಲು ಹೊದಿಸಿ ಗಾಯದ ಪಟ್ಟಿ ಮುಚ್ಚಿದ್ದಾನೆ. ನನ್ನ ಹಣೆಗೆ ಟೋಪಿ ಇಟ್ಟಿದ್ದಾನೆ. ನಡುವೆ ತಾನು, ಎರಡೂ ಕಡೆ ನಮ್ಮ ಹೆಗಲ ಮೇಲೆ ಕೈ. ಮನೆಗೆ ಮಾರಿ, ಊರಿಗೆ ಉಪಕಾರಿ. ನೀನು ಅದಕ್ಕೆ ಕೆಂಪು ಹೃದಯ ಹಾಕಿದ್ದೆ. ನಿನ್ನ ತಪ್ಪಲ್ಲ, ಫೋಟೋದಲ್ಲಿ ನಾವು ನಕ್ಕಿದ್ದೇವೆ.

ಮರುದಿನ ಬೆಳಗ್ಗೆ ಅವ್ವನ ತಲೆ ಬಾಚುತ್ತ ಕೇಳಿದೆ, ಎಂದಿನಿಂದ ಇದು ಅಂತ. “ನೀ ನೌಕರಿಗಿ ಹೋದಾಗಿಂದ. ಮೊದಲ ನಿನ್ನ ಅಂಜಿಕಿ ಇತ್ತವಗ” ಅಂದಳು. ಅಪ್ಪ ನೋಡುತ್ತಾನಾ ಅಂದೆ. “ಎದ್ದು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂದರತಾನ” ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಮ್ಮ ಮನೆಯಲ್ಲಿ ಹೆಗ್ಗಣ ಹೆತ್ತವಳನ್ನೇ ತಿನ್ನುತ್ತಿದೆ. ಶ್ರದ್ಧಾಗೆ ಹೇಳುತ್ತೇನೆ ಅಂದೆ. ಅವ್ವ ಗಾಬರಿಯಾಗಿ ನನ್ನ ಕೈ ಹಿಡಿದಳು, ಹೊಲಿಗೆ ಹಾಕಿದ ಕೈಯಿಂದಲೇ. ಅವಳು ಅಂದದ್ದನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ. ಇದಕ್ಕಾಗಿಯೇ ಈ ಕಾಗದ.

“ಹೇಳಬ್ಯಾಡ ಯೋಗೀ. ಆಕಿ ಬಂದ್ರ ನನಗ ಬೀಳೂದು ಕಡಿಮಿ ಆಗತದ.”

ನಿನ್ನನ್ನು ನೋಡಲು ಬಂದಾಗ ನಿನ್ನ ಗಲ್ಲ ಸವರಿ, “ಹುಡುಗಿ ಗಟ್ಟಿಮುಟ್ಟ ಅದಾಳ” ಅಂದಿದ್ದಳಲ್ಲ, ಅದೇ ನನ್ನವ್ವ ಗುರುಬಾಯಿ. ಅವಳು ಕೆಟ್ಟವಳಲ್ಲ. ನಾಲ್ಕು ದಿನ ಅವಳೊಂದಿಗೆ ಮಾತು ಬಿಟ್ಟೆ, ಐದನೆಯ ದಿನ ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಬಡಿತ ತಿಂದು ತಿಂದು ಅವಳಿಗೆ ಇಷ್ಟೇ ಲೆಕ್ಕ ಉಳಿದಿದೆ. ನಾನು ಆ ಲೆಕ್ಕ ಒಪ್ಪುವುದಿಲ್ಲ.

ನಾಳೆ ನೀನು ಹೊರಗೆ ಬಂದು ಒಲ್ಲೆ ಅನ್ನು. ಕಾರಣ ಕೇಳಿದರೆ ನನ್ನನ್ನು ತೋರಿಸು. ಗಾದಿಯ ಮೇಲೆ ಎದ್ದು ನಿಂತು, ಎರಡೂ ಮನೆಯವರ ಎದುರು, ಅಂಗಡಿಯವರ ಎದುರು ಎಲ್ಲ ಹೇಳುತ್ತೇನೆ. ಅಪ್ಪ ಸುಳ್ಳು ಅಂದಾನು. ಅವ್ವ ಸೆರಗು ಹೊದ್ದು ಆನೆ ಅಂದಾಳು. ಅಮೋಲ ಅಲ್ಲೇ ನನ್ನ ಜಡೆಗೆ ಕೈ ಹಾಕಿದರೆ ಇನ್ನೂ ಒಳ್ಳೆಯದು, ಈ ಸಲವಾದರೂ ಮಂದಿ ನೋಡಲಿ. ನಿನ್ನ ಮೇಲೆ ಬರುವ ಮಾತು ನನ್ನ ಮೇಲೆ ಬರಲಿ, ಸ್ವಂತ ಅಣ್ಣನ ಮದುವೆ ಮುರಿದವಳು ಅನ್ನಲಿ. ಅವ್ವನ ಚಿಂತೆ ನಿನಗೆ ಬೇಡ. ಅವಳ ಎರಡು ಸೀರೆ ಈಗಾಗಲೇ ನನ್ನ ಅಕ್ಕಲಕೋಟದ ಕೋಣೆಯಲ್ಲಿವೆ. ಅಂಗಡಿಯಿಂದ ನೇರ ಅಲ್ಲಿಗೇ ಕರೆದೊಯ್ಯುತ್ತೇನೆ. ಬರಲೊಲ್ಲೆ ಅಂದರೆ ಎಳೆದೊಯ್ಯುತ್ತೇನೆ.

ಅವ್ವನಿಗೆ ಬೀಳುವುದನ್ನು ಹಂಚಿಕೊಳ್ಳಲು ನೀನು ಬರಬೇಡ, ಶ್ರದ್ಧಾ.

ನೀನು ಯಾರ ಮನೆಗೆ ಹೋದರೂ, ಎಲ್ಲಿಗೂ ಹೋಗದೆ ಬೋರಾಮಣಿಯಲ್ಲೇ ಉಳಿದರೂ, ನಿನ್ನ ಮೈ ನಿನ್ನದೇ ಆಗಿರಲಿ.

ಅಂಗಡಿಯಲ್ಲಿ ನಿನ್ನ ಎದುರಿಗೇ ಕೂತಿರುವ,
ಯೋಗಿತಾ